ಗಂಡ ಜೈಲಿನಲ್ಲಿರುವ ಹೆಂಗಸರಿಗೆ ವಾಟ್ಸಾಪ್ ಆಸರೆ ಗುಂಪು: ಕಟ್ಟುವ, ನಡೆಸುವ, ಮುಚ್ಚುವ ಕ್ರಮ

ಮುಂಬೈ, ಪುಣೆ, ಗೋವಾದಲ್ಲಿ ಕನ್ನಡದ ಹೆಂಗಸರು ಕಟ್ಟಿಕೊಳ್ಳುವ ಇಂಥ ಗುಂಪುಗಳು ಒಡೆಯುವ ರೀತಿ ಹೆಚ್ಚುಕಮ್ಮಿ ಒಂದೇ. ಮೊದಲ ವಾರ ಸಿಕ್ಕವರನ್ನೆಲ್ಲ ಸೇರಿಸುತ್ತಾರೆ. ಎರಡನೇ ವಾರ ಒಬ್ಬಾಕೆ ಗಂಡನ ಕೇಸಿನ ಪೂರ್ತಿ ಕತೆ ಹೇಳಿಕೊಳ್ಳುತ್ತಾಳೆ. ಆಮೇಲೆ ಜಾಮೀನು ಕೊಡಿಸುತ್ತೇನೆನ್ನುವ, ಯಾರಿಗೋ ಗೊತ್ತಿರುವ ಏಜೆಂಟ್ ಒಳಗೆ ಬರುತ್ತಾನೆ, ಒಂದು ಸ್ಕ್ರೀನ್‌ಶಾಟ್ ಯಾರದೋ ಅತ್ತೆಮನೆ ಮುಟ್ಟುತ್ತದೆ. ಯಾರಿಗಾಗಿ ಗುಂಪು ಕಟ್ಟಿದ್ದರೋ ಆ ಹೆಂಗಸೇ ಮೊದಲು ಬಾಯಿ ಮುಚ್ಚಿಕೊಳ್ಳುತ್ತಾಳೆ.

ಮನಸ್ಸು ಒಳ್ಳೆಯದಿದ್ದರೂ ಕ್ರಮ ತಲೆಕೆಳಗಾಗಿರುತ್ತದೆ. ನಡೆಸುವವರು, ಫೋನಿನ ಸೆಟ್ಟಿಂಗ್, ನಿಯಮ ಈ ಮೂರೂ ಸಿದ್ಧವಾದ ಮೇಲಷ್ಟೇ ಮೊದಲ ಸದಸ್ಯೆ ಬರಬೇಕು. ಇಲ್ಲಿ ‘ಗಂಡ’ ಎಂದಲ್ಲೆಲ್ಲ ಮದುವೆಯಾಗದೆ ಜೊತೆಗಿರುವ ಸಂಗಾತಿಯೂ ಸೇರಿದ್ದಾನೆ. ಹೆಂಡತಿ ಭಾಯ್ಖಳಾ ಜೈಲಿನಲ್ಲೋ ಯೆರವಡಾದ ಮಹಿಳಾ ಜೈಲಿನಲ್ಲೋ ಇರುವ ಗಂಡಸರಿಗೂ ಇದೇ ಕ್ರಮ ಹೊಂದುತ್ತದೆ, ಆದರೆ ಅವರಿಗೆ ಬೇರೆಯೇ ಗುಂಪಿರಲಿ.

ಹಂತ 1: ನಡೆಸುವವರು ಇಬ್ಬರು, ಕೈಯಲ್ಲಿರಬೇಕಾದ ಸಾಮಾನು

ಒಬ್ಬರೇ ನಡೆಸುವ ಗುಂಪು ಆ ಒಬ್ಬರು ದಣಿದ ದಿನ ನಿಲ್ಲುತ್ತದೆ. ಇಬ್ಬರು ಬೇಕು. ಅವರಲ್ಲಿ ಒಬ್ಬಾಕೆಯಾದರೂ ಈ ಬದುಕನ್ನು ಹತ್ತಿರದಿಂದ ಕಂಡವಳಾಗಿರಲಿ. ಆಕೆಯ ಮನೆಯ ಕೇಸು ಈಗಷ್ಟೇ ಶುರುವಾಗಿದ್ದರೆ ಈ ಹೊಣೆ ಕೊಡಬೇಡಿ. ಅವಳಿಗೇ ಆಸರೆ ಬೇಕಾಗಿರುವ ಸಮಯ ಅದು.

ಬೇಕಾದ ಸಾಮಾನು ಕಡಿಮೆ: ಗುಂಪಿಗೆಂದೇ ಬೇರೆ ಸಿಮ್, ಒಂದು ಹಳೆಯ ಸ್ಮಾರ್ಟ್‌ಫೋನ್, ಬೀಗ ಹಾಕಿಡಬಹುದಾದ ಒಂದು ನೋಟ್‌ಬುಕ್. ನಿಮ್ಮ ಮನೆಯ ನಂಬರನ್ನೇ ಬಳಸಿದರೆ ರಾತ್ರಿ ಎರಡು ಗಂಟೆಗೂ ಕರೆ ಬರುತ್ತದೆ. ಒಂದು ತಿಂಗಳಾದ ಮೇಲೆ ನೀವು ಯಾರ ಫೋನನ್ನೂ ಎತ್ತಲಾರಿರಿ. ಉತ್ತರಿಸುವ ಸಮಯವನ್ನು ಮೊದಲೇ ಗೊತ್ತುಮಾಡಿ ಹೇಳಿಬಿಡಿ, ಉದಾಹರಣೆಗೆ ಸಂಜೆ 7ರಿಂದ 10.

ಹಂತ 2: ಸೆಟ್ಟಿಂಗ್, ಜನ ಸೇರುವ ಮೊದಲೇ

ಎಲ್ಲರ ಫೋನಿನಲ್ಲಿ ಇರುವುದು ವಾಟ್ಸಾಪ್, ಆದ್ದರಿಂದ ಅದೇ ಸಾಕು. ಅದರ ದೊಡ್ಡ ಕೊರತೆ, ಗುಂಪಿನಲ್ಲಿರುವ ಎಲ್ಲರಿಗೂ ಎಲ್ಲರ ನಂಬರು ಕಾಣುವುದು. ಇದನ್ನು ಸೇರುವವರಿಗೆ ಮೊದಲೇ ತಿಳಿಸಿ. ನಂಬರು ಕಾಣುವುದು ಅಪಾಯವೆನ್ನಿಸಿದವರ ಜೊತೆ ಗುಂಪಿನ ಹೊರಗೆ ಒಬ್ಬೊಬ್ಬರಾಗಿಯೇ ಮಾತಾಡಿ.

ಗುಂಪಿನ ಹೆಸರಲ್ಲಿ ಜೈಲು, ಕೈದಿ, ಆಸರೆ ಯಾವುದೂ ಬೇಡ. ‘ಭಾನುವಾರದ ಅಡುಗೆ’ಯಂಥ ಹೆಸರಿಡಿ. ನೋಟಿಫಿಕೇಶನ್ ಬಂದಾಗ ಪಕ್ಕದಲ್ಲಿ ಕೂತವರಿಗೆ ಕಾಣುವುದು ಆ ಹೆಸರೇ. ಡಿಪಿಗೆ ಹೂವೋ ರಂಗೋಲಿಯೋ ಸಾಕು.

ಗುಂಪಿನ ಅನುಮತಿಗಳಲ್ಲಿ ಸದಸ್ಯರು ಬೇರೆಯವರನ್ನು ಸೇರಿಸುವುದನ್ನು ನಿಲ್ಲಿಸಿ, ಹೊಸಬರಿಗೆ ಅಡ್ಮಿನ್ ಒಪ್ಪಿಗೆ ಬೇಕು ಎಂಬುದನ್ನು ಆನ್ ಮಾಡಿ. ಸೇರುವ ಲಿಂಕನ್ನು ಯಾರಿಗೂ ಕಳಿಸಬೇಡಿ, ಲಿಂಕ್ ಒಮ್ಮೆ ಹೊರಬಿದ್ದರೆ ಅದು ಎಲ್ಲಿ ಸುತ್ತುತ್ತದೆಂದು ತಿಳಿಯದು. ತಾನಾಗಿ ಅಳಿಯುವ ಸಂದೇಶಕ್ಕೆ 24 ಗಂಟೆ, 7 ದಿನ, 90 ದಿನ ಎಂಬ ಮೂರು ಆಯ್ಕೆಗಳಿವೆ, 7 ದಿನ ಇಡಿ. 24 ಗಂಟೆ ಇಟ್ಟರೆ ಎರಡು ದಿನಕ್ಕೊಮ್ಮೆ ಫೋನ್ ಕೈಗೆ ಸಿಗುವ ಹೆಂಗಸಿಗೆ ಏನೂ ಕಾಣಿಸದು. 2025ರಲ್ಲಿ ಬಂದ ಹೆಚ್ಚಿನ ಚಾಟ್ ಗೌಪ್ಯತೆಯ ಸೆಟ್ಟಿಂಗನ್ನೂ ಆನ್ ಮಾಡಿ, ಇಡೀ ಚಾಟನ್ನು ಹೊರಗೆ ಕಳಿಸುವುದು ಅದರಿಂದ ನಿಲ್ಲುತ್ತದೆ. ಸ್ಕ್ರೀನ್‌ಶಾಟ್ ತೆಗೆಯುವುದನ್ನು ಯಾವ ಸೆಟ್ಟಿಂಗೂ ತಡೆಯುವುದಿಲ್ಲ, ಅದನ್ನೂ ಎಲ್ಲರಿಗೂ ಹೇಳಿ.

ಸದಸ್ಯೆಯ ಫೋನಿನಲ್ಲಿ ಮೂರು ಕೆಲಸ. ಚಾಟ್ ಲಾಕ್ ಹಾಕಬೇಕು. ಲಾಕ್ ಸ್ಕ್ರೀನಿನ ಮೇಲೆ ಸಂದೇಶದ ಸಾಲು ಕಾಣದಂತೆ ಮಾಡಬೇಕು. ಮೂರನೆಯದನ್ನು ಬಹಳಷ್ಟು ಜನ ಮರೆಯುತ್ತಾರೆ: ‘ಲಿಂಕ್ ಮಾಡಿದ ಸಾಧನಗಳು’ ತೆರೆದು, ಮೈದುನನ ಕಂಪ್ಯೂಟರಿನಲ್ಲೋ ಬೇರೆ ಯಾರದೋ ಫೋನಿನಲ್ಲೋ ಇವಳ ವಾಟ್ಸಾಪ್ ತೆರೆದಿದೆಯೇ ಎಂದು ನೋಡಬೇಕು. ಇದ್ದರೆ ತಕ್ಷಣ ಲಾಗ್‌ಔಟ್.

ಸಿಮ್ ಯಾರ ಹೆಸರಿನಲ್ಲಿದೆ ಎಂದೂ ಕೇಳಿ. ಗಂಡನ ಹೆಸರಿನ ಸಿಮ್ ಕಳೆದರೆ ಬದಲಿ ಸಿಮ್ ಪಡೆಯಲು ಅವನೇ ಬೇಕು. ತನ್ನ ಹೆಸರಿನ ಸಿಮ್ ಮಾಡಿಸಿಕೊಂಡ ಮೇಲೆ ಗುಂಪಿಗೆ ಬಂದರೆ ಒಳಿತು.

ಹಂತ 3: ನಿಯಮಗಳು, ಎಲ್ಲಕ್ಕಿಂತ ಮುಖ್ಯವಾದದ್ದು

ಎಲ್ಲ ನಿಯಮಗಳ ಮೂಲ ಒಂದು: ಈ ಗುಂಪಿನಲ್ಲಿ ಕೇಸಿನ ಸಂಗತಿ ಮಾತಾಡಬಾರದು. ‘ಅವತ್ತು ರಾತ್ರಿ ಏನಾಯಿತು’, ‘ಯಾರು ಹೊಡೆದರು’, ‘ಸಾಮಾನು ಎಲ್ಲಿತ್ತು’ ಇವು ಬೇಡ. ಗಂಡ ತಪ್ಪು ಮಾಡಿದ್ದಾನೋ ಇಲ್ಲವೋ ಎಂಬುದೂ ಬೇಡ.

ಕಟುವೆನ್ನಿಸಬಹುದು, ಕಾರಣ ತಿಳಿದರೆ ಒಪ್ಪುತ್ತಾರೆ. ವಕೀಲರ ಜೊತೆ ಆಡಿದ ಮಾತಿಗೆ ಕಾನೂನಿನ ರಕ್ಷಣೆ ಇದೆ. ದಾಂಪತ್ಯದಲ್ಲಿ ಗಂಡ ಹೆಂಡತಿಗೆ ಹೇಳಿದ ಮಾತಿಗೂ ಒಂದು ಮಟ್ಟದ ರಕ್ಷಣೆ ಇದೆ. ಅದೇ ಮಾತನ್ನು ಗೆಳತಿಯರ ಗುಂಪಿನಲ್ಲಿ ಹಾಕಿದರೆ ಅಂಥ ರಕ್ಷಣೆ ಇರುವುದಿಲ್ಲ. ಯಾವುದೋ ತನಿಖೆಯಲ್ಲಿ ಯಾರದೋ ಫೋನ್ ಜಪ್ತಿಯಾದರೆ ಆ ಸಂದೇಶ ಪುರಾವೆಯಾಗಬಲ್ಲದು. ಎಷ್ಟೋ ಕೇಸುಗಳಲ್ಲಿ ಹೆಂಡತಿಯೇ ಸಾಕ್ಷಿಯೂ ಆಗಿರುತ್ತಾಳೆ ಎಂಬುದನ್ನು ಮರೆಯಬೇಡಿ.

ಉಳಿದ ನಿಯಮಗಳನ್ನು ಚಿಕ್ಕದಾಗಿ, ಓದಿ ಹೇಳುವ ಹಾಗೆ ಬರೆಯಿರಿ. ಗಂಡನ ಹೆಸರು, ಕೇಸ್ ನಂಬರು, ಎಫ್‌ಐಆರ್ ಫೋಟೊ, ಸುದ್ದಿಯ ತುಣುಕು ಹಾಕಬಾರದು. ದೂರು ಕೊಟ್ಟವರ ಮತ್ತು ಸಾಕ್ಷಿಗಳ ಬಗ್ಗೆ ಒಂದಕ್ಷರವೂ ಬೇಡ. ಲೈಂಗಿಕ ಅಪರಾಧದ ಕೇಸುಗಳಲ್ಲಿ ಸಂತ್ರಸ್ತೆಯ ಗುರುತು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಅಪರಾಧ, ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯೂ ಸೇರುತ್ತದೆ. ಜಾತಿ, ಊರು, ಆರೋಪದ ಬಗೆ ಹಿಡಿದು ಯಾರನ್ನೂ ಅಳೆಯಬಾರದು. ‘ಇನ್ನೂ ಯಾಕೆ ಕಾಯ್ತಿ?’ ಎಂದೂ ಕೇಳಬಾರದು, ‘ಹೆಂಡತಿ ಅಂದ್ಮೇಲೆ ಕಾಯಬೇಕು’ ಎಂದೂ ಹೇಳಬಾರದು. ಅದು ಅವಳೊಬ್ಬಳ ತೀರ್ಮಾನ.

ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಜೈಲಿಗೆ ಹೋಗುತ್ತಾಳೆ ಎಂಬ ಭಯ ಹರಡಿದೆ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಹೇಳಿರುವ ಪ್ರಕಾರ, ಸಮಾನ ಉದ್ದೇಶ ಇರದ ಹೊರತು ಸದಸ್ಯರ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ಹೊಣೆಯಲ್ಲ. ಆದರೂ ನಿಯಮ ಮೀರಿದ ಸಂದೇಶ ಕಂಡ ಕೂಡಲೇ ಅಡ್ಮಿನ್ ಅಧಿಕಾರದಿಂದ ಎಲ್ಲರಿಗೂ ಅಳಿಸಿ. ಬೈಯಬೇಡಿ. ‘ಅಕ್ಕಾ, ಇದು ಇಲ್ಲಿ ಬೇಡ, ನಾನು ಫೋನ್ ಮಾಡ್ತೀನಿ’ ಎಂದು ಹೇಳಿ, ಫೋನ್ ಮಾಡಿಯೇ ತೀರಿ. ಅಳಿಸಿ ಸುಮ್ಮನಾದರೆ ಅವಳಿಗೆ ಉಳಿಯುವುದು ಅವಮಾನ ಮಾತ್ರ.

ಹಂತ 4: ಸೇರಿಸಿಕೊಳ್ಳುವ ಮುನ್ನ ಇಪ್ಪತ್ತು ನಿಮಿಷದ ಕರೆ

ಮೊದಲು ಐದಾರು ಜನ ಸಾಕು. ಹನ್ನೆರಡರಿಂದ ಹದಿನೈದು ದಾಟಿದರೆ ಇನ್ನೊಂದು ಗುಂಪು ಮಾಡಿ. ಇಪ್ಪತ್ತೈದು ಮಂದಿಯಲ್ಲಿ ಮಾತಾಡುವವರು ನಾಲ್ಕೇ ಜನ, ಉಳಿದವರು ನೋಡುಗರು. ನೋಡುಗರು ಹೆಚ್ಚಿದಷ್ಟೂ ಮನಸ್ಸು ಬಿಚ್ಚುವುದು ಕಷ್ಟ.

ಹೊಸಬಳಿಗೆ ಕರೆ ಮಾಡಿ ಕೇಳಬೇಕಾದ್ದು: ಈ ಫೋನ್ ಇನ್ನಾರ ಕೈಗೆ ಹೋಗುತ್ತದೆ? ಯಾವ ಹೊತ್ತಿಗೆ ಕರೆ ಮಾಡಿದರೆ ತೊಂದರೆ ಇಲ್ಲ? ಕನ್ನಡ ಓದಲು ಬರುತ್ತದೆಯೇ? ಯಾವ ಜೈಲು? ಒಳಗಿರುವವರಿಂದ ನಿಮಗೇ ಏನಾದರೂ ಭಯ ಇದೆಯೇ? ಕೊನೆಯ ಪ್ರಶ್ನೆಯನ್ನು ನಾಚಿಕೊಂಡು ಬಿಡಬೇಡಿ. ಅವನು ಒಳಗೆ ಹೋದ ಮೇಲೆ ಮೊದಲ ಸಲ ನೆಮ್ಮದಿಯಾಗಿ ನಿದ್ದೆ ಮಾಡಿದ ಹೆಂಗಸರೂ ಇದ್ದಾರೆ. ಬೇಗ ಬಿಡುಗಡೆಯಾಗಲಿ ಎಂಬ ಹಾರೈಕೆ ಅವರಿಗೆ ಹೆದರಿಕೆಯಾಗಿ ಕೇಳುತ್ತದೆ.

ಪೊಲೀಸ್ ಠಾಣೆಯ ಹೆಸರು ಮತ್ತು ವರ್ಷ ಕೇಳಿಕೊಳ್ಳಿ, ಹೆಚ್ಚಿನದು ಬೇಡ. ಒಂದೇ ಕೇಸಿನ ಇಬ್ಬರು ಆರೋಪಿಗಳ ಹೆಂಡತಿಯರು ಒಂದೇ ಗುಂಪಿಗೆ ಬಾರದಂತೆ ನೋಡಿಕೊಳ್ಳಲು ಇದು ಬೇಕು. ಜೊತೆ ಆರೋಪಿಗಳ ಹಿತ ಒಂದೇ ಆಗಿರುವುದಿಲ್ಲ, ಒಬ್ಬ ಮಾಫಿ ಸಾಕ್ಷಿಯಾದ (ಕ್ಷಮೆ ಪಡೆದು ಉಳಿದವರ ವಿರುದ್ಧ ಸಾಕ್ಷಿ ಹೇಳುವ) ದಿನ ಗುಂಪು ರಣರಂಗವಾಗುತ್ತದೆ.

ಭಾಷೆಯ ವಿಷಯ. ಮುಂಬೈ ಹೋಟೆಲ್ ಕೆಲಸದ ಕರಾವಳಿ ಕುಟುಂಬಗಳ ಮನೆಮಾತು ತುಳು. ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿ, ಯಾದಗಿರಿ, ವಿಜಯಪುರದವರ ಮಾತೇ ಬೇರೆ. ವಾಸ್ಕೋದ ಬೈನಾ, ಝುವಾರಿನಗರದ ಕಡೆ ಲಂಬಾಣಿ ಆಡುವವರೂ ಇದ್ದಾರೆ. ಅಚ್ಚ ಪುಸ್ತಕದ ಕನ್ನಡದಲ್ಲಿ ನಿಯಮ ಓದಿದರೆ ಸರ್ಕಾರಿ ನೋಟಿಸ್ ಬಂದಂತೆ ಅನ್ನಿಸುತ್ತದೆ. ಅಕ್ಕಾ, ವೈನಿ, ಬಾಯಿ, ಅವರವರ ಕಡೆ ಕರೆಯುವಂತೆಯೇ ಕರೆಯಿರಿ. ಇಲ್ಲೇ ಮರಾಠಿ ಶಾಲೆಯಲ್ಲಿ ಓದಿದವರಿಗೆ ಕನ್ನಡ ಕಿವಿಗೆ ಗೊತ್ತು, ಅಕ್ಷರ ಗೊತ್ತಿಲ್ಲ. ಆದ್ದರಿಂದ ಮುಖ್ಯವಾದದ್ದೆಲ್ಲ ಒಂದು ನಿಮಿಷದೊಳಗಿನ ವಾಯ್ಸ್ ಮೆಸೇಜಿನಲ್ಲೂ ಇರಬೇಕು.

ಅನುಮತಿ ಪಡೆದು ನೋಟ್‌ಬುಕ್ಕಿನಲ್ಲಿ ಎರಡು ವಿಷಯ ಬರೆದಿಡಿ: ಮನೆಯ ವಿಳಾಸ, ಅವಳು ನಂಬುವ ಒಬ್ಬರ ನಂಬರು. ಇದು ಫೋನಿನಲ್ಲಿರಬಾರದು.

ಹಂತ 5: ವಾರಕ್ಕೊಂದು ಕರೆ

ಗುಂಪನ್ನು ಉಳಿಸುವುದು ವಾರಕ್ಕೊಮ್ಮೆ ನಡೆಯುವ ಧ್ವನಿ ಕರೆ. ವಾಟ್ಸಾಪ್‌ನಲ್ಲಿ 32 ಜನರವರೆಗೆ ಸೇರಬಹುದು, ಎಂಟು ಜನ ಮೀರದಿದ್ದರೆ ಒಳ್ಳೆಯದು. ವಿಡಿಯೋ ಬೇಡ. ಒಂದೇ ಕೋಣೆಯ ಮನೆಯಲ್ಲಿ ಇಯರ್‌ಫೋನ್ ಹಾಕಿ ‘ಹೂಂ’ ಎನ್ನುತ್ತಾ ಕೂರಬಹುದು, ಮುಖ ತೋರಿಸಲಾಗದು. ರಾತ್ರಿ ಒಂಬತ್ತೂವರೆ ಬಹುಪಾಲು ಜನರಿಗೆ ಆಗಿಬರುತ್ತದೆ. ಭಾನುವಾರದ ಕರೆಗೆ ಒಂದು ಅನುಕೂಲವಿದೆ: ಮರುದಿನ ಕೋರ್ಟ್ ತಾರೀಖು ಇರುವವಳಿಗೆ ಹಿಂದಿನ ರಾತ್ರಿಯೇ ಜೊತೆ ಸಿಗುತ್ತದೆ.

ಕರೆ 50 ನಿಮಿಷ ಮೀರಬಾರದು. ಮೊದಲು ಪ್ರತಿಯೊಬ್ಬರೂ ಎರಡೆರಡು ನಿಮಿಷ, ಈ ವಾರ ಹೇಗಿತ್ತು ಅಂತ. ಯಾರೂ ನಡುವೆ ಬಾಯಿ ಹಾಕಬಾರದು. ಮಾತಾಡಲು ಇಷ್ಟವಿಲ್ಲದವಳು ‘ಕೇಳ್ತೀನಿ’ ಎಂದರೆ ಸಾಕು. ಆಮೇಲೆ ಒಂದೇ ವಿಷಯ, ಇಪ್ಪತ್ತೈದು ನಿಮಿಷ. ಕೊನೆಗೆ ಈ ವಾರ ತಾರೀಖು ಯಾರಿಗೆ, ಮುಲಾಕಾತ್ (ಜೈಲಿನ ಭೇಟಿ) ಯಾರಿಗೆ ಎಂದು ಕೇಳಿ, ಅಂಥವರಿಗೆ ಆ ದಿನ ಸಂಜೆ ಒಂದು ಕರೆ ಮಾಡುವ ಹೊಣೆಯನ್ನು ಇನ್ನೊಬ್ಬ ಸದಸ್ಯೆಗೆ ಕೊಡಿ. ಮುಲಾಕಾತ್ ಮುಗಿಸಿ ಬಂದ ಸಂಜೆಯಷ್ಟು ಭಾರವಾದ ಹೊತ್ತು ಇನ್ನೊಂದಿಲ್ಲ. ಗಾಜಿನಾಚೆ ಕಂಡ ಮುಖ ಕಣ್ಣಲ್ಲೇ ಇರುತ್ತದೆ, ಮನೆಯಲ್ಲಿ ಹೇಳಿಕೊಳ್ಳಲು ಯಾರೂ ಇರುವುದಿಲ್ಲ.

ವಿಷಯಗಳಿಗೆ ಬರವಿಲ್ಲ. ಬಾಡಿಗೆ ಮನೆಯ ಮಾಲೀಕರಿಗೆ ಏನು ಹೇಳುವುದು, ಜೈಲಿನಿಂದ ಬರುವ ಚಿಕ್ಕ ಕರೆಯಲ್ಲಿ ಯಾವುದನ್ನು ಮೊದಲು ಮಾತಾಡುವುದು, ಊರಿನ ಜಾತ್ರೆಗೆ ಹೋಗುವುದೋ ಬೇಡವೋ. ಮಕ್ಕಳಿಗೆ ಏನು ಹೇಳುವುದು ಎಂಬುದಕ್ಕೆ ಎರಡು ವಾರ ಇಡಿ. ‘ಅಪ್ಪ ದುಬೈಗೆ ಹೋಗಿದ್ದಾರೆ’ ಎಂಬ ಉತ್ತರ ಎಲ್ಲ ಮನೆಗಳಲ್ಲೂ ಮೊದಲು ಬರುತ್ತದೆ. ಆರೇಳು ವರ್ಷದ ಮಗು ಶಾಲೆಯಲ್ಲೋ ಚಾಳಿನ ಅಂಗಳದಲ್ಲೋ ನಿಜ ಕೇಳಿಸಿಕೊಳ್ಳುತ್ತದೆ, ಆಮೇಲೆ ಅಮ್ಮನ ಯಾವ ಮಾತನ್ನೂ ನಂಬುವುದಿಲ್ಲ. ‘ಅಪ್ಪ ದೊಡ್ಡವರ ಒಂದು ತೊಂದರೆಯಲ್ಲಿ ಸಿಕ್ಕಿದ್ದಾರೆ, ಜಡ್ಜ್ ಹೇಳುವ ತನಕ ಬೇರೆ ಕಡೆ ಇರಬೇಕು, ಇದರಲ್ಲಿ ನಿನ್ನ ತಪ್ಪಿಲ್ಲ’ ಎಂಬಷ್ಟು ನಿಜವನ್ನು ಆ ವಯಸ್ಸಿಗೂ ಹೇಳಬಹುದು.

ಹಂತ 6: ಪಿನ್ ಮಾಡುವ ಮಾಹಿತಿ

ಗುಂಪು ವಕೀಲಿ ಮಾಡಬಾರದು, ದಾರಿ ತೋರಿಸಬೇಕು. ಮೂರು ಸಂದೇಶಗಳನ್ನು ಚಾಟಿನ ಮೇಲ್ತುದಿಯಲ್ಲಿ ಕಾಣುವಂತೆ ಪಿನ್ ಮಾಡಬಹುದು. ಪಿನ್ ಹೆಚ್ಚೆಂದರೆ 30 ದಿನಕ್ಕೆ ತಾನಾಗಿ ಕಳಚುತ್ತದೆ, ಸಂದೇಶಗಳೂ 7 ದಿನಕ್ಕೆ ಅಳಿಯುವುದರಿಂದ ಪಿನ್ ಮಾಡಿದ್ದನ್ನು ಉಳಿಸುವ ಆಯ್ಕೆ ಒತ್ತಿ, ಮೂಲವನ್ನು ನೋಟ್‌ಬುಕ್ಕಿನಲ್ಲೂ ಬರೆದಿಡಿ.

ಮೊದಲ ಪಿನ್ ಮುಲಾಕಾತ್. ಇ-ಪ್ರಿಸನ್ಸ್ ಜಾಲತಾಣದ ಇ-ಮುಲಾಕಾತ್‌ನಲ್ಲಿ ಹೆಸರು ನೋಂದಾಯಿಸಬೇಕು, ಮೊಬೈಲಿಗೋ ಇಮೇಲಿಗೋ ಒಟಿಪಿ ಬರುತ್ತದೆ, ಜೈಲು ಒಪ್ಪಿದ ಮೇಲಷ್ಟೇ ಹೋಗಬೇಕು. ಜೈಲಿನ ಜಾಗದಲ್ಲೇ ತಪ್ಪಾಗುತ್ತದೆ: ತಳೋಜಾ ಸೆಂಟ್ರಲ್ ಜೈಲಿಗೆ ಇಳಿಯಬೇಕಾದ್ದು ಖಾರ್ಘರ್ ಕಡೆ. ಗೋವಾದಲ್ಲಿ ಸೆಂಟ್ರಲ್ ಜೈಲು ಇರುವುದು ಮಾಪ್ಸಾ ದಾಟಿ ಕೊಲ್ವಾಳದಲ್ಲಿ, ವಾಸ್ಕೋದಿಂದ ಬರುವವರು ಪಣಜಿ, ಮಾಪ್ಸಾಗಳಲ್ಲಿ ಬಸ್ ಬದಲಿಸಬೇಕಾದ್ದರಿಂದ ಅರ್ಧ ದಿನದ ಕೂಲಿ ಬಿಟ್ಟೇ ಹೊರಡಬೇಕು. ಕೋರ್ಟಿಗೆ ಹೋಗುವ ಹಿಂದಿನ ದಿನ, ಗಂಡನನ್ನು ಕರೆತರುತ್ತಾರೋ ವಿಡಿಯೋದಲ್ಲಿ ಹಾಜರುಪಡಿಸುತ್ತಾರೋ ಎಂದು ವಕೀಲರನ್ನು ಕೇಳಿ. ಕೇಳದೆ ಹೋಗಿ ದಿನವಿಡೀ ಕೂತು ಬರುವವರು ಬಹಳ.

ಎರಡನೇ ಪಿನ್ ತಾರೀಖು ನೋಡುವುದು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹೆಸರು ಹಾಕಿ ಹುಡುಕಿದರೆ ನಮ್ಮವರ ಕೇಸು ಸಿಗುವುದು ಅಪರೂಪ. ಊರು, ಅಪ್ಪನ ಹೆಸರು, ಮನೆತನ ಸೇರಿದ ನಮ್ಮ ಹೆಸರುಗಳು ಇಲ್ಲಿನ ದಾಖಲೆಗೆ ಹೋಗುವಾಗ ಹಿಂದುಮುಂದಾಗುತ್ತವೆ, ಸ್ಪೆಲ್ಲಿಂಗೂ ಬದಲಾಗುತ್ತದೆ. ಪ್ರತಿ ಕೇಸಿಗೂ ಇರುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರನ್ನು ವಕೀಲರಿಂದ ಬರೆಸಿಕೊಳ್ಳಿ, ಮಹಾರಾಷ್ಟ್ರದ್ದು ಎಂಎಚ್‌ನಿಂದ, ಗೋವಾದ್ದು ಜಿಎಯಿಂದ ಶುರುವಾಗುತ್ತದೆ. ಅದಿಲ್ಲದಿದ್ದರೆ ಠಾಣೆ, ಎಫ್‌ಐಆರ್ ನಂಬರು, ವರ್ಷ ಹಾಕಿ ಹುಡುಕಬಹುದು. ಈ ನಂಬರುಗಳು ಅವಳ ಫೋನಿನಲ್ಲಿರಲಿ, ಗುಂಪಿಗೆ ಬೇಡ.

ಮೂರನೇ ಪಿನ್ ಹಕ್ಕುಗಳದ್ದು. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಮಿನಂತೆ ಬಂಧನದಲ್ಲಿರುವವರಿಗೂ ಹೆಂಗಸರಿಗೂ ಉಚಿತ ವಕೀಲರ ಹಕ್ಕಿದೆ, ಸಹಾಯವಾಣಿ 15100. ವಿಚಾರಣಾಧೀನ ಕೈದಿ ಗರಿಷ್ಠ ಶಿಕ್ಷೆಯ ಅರ್ಧ ಅವಧಿ ಕಳೆದಿದ್ದರೆ, ಮೊದಲ ಸಲದ ಆರೋಪಿಯಾದರೆ ಮೂರನೇ ಒಂದು ಭಾಗ ಕಳೆದಿದ್ದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು ಬಿಡುಗಡೆಯ ದಾರಿ ತೆರೆಯುತ್ತದೆ. ಮರಣದಂಡನೆ, ಜೀವಾವಧಿ ಇರುವ ಅಪರಾಧಗಳಿಗೆ, ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇರುವವರಿಗೆ ಇದು ಸಲ್ಲದು. ಈ ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕಿಂತ ಹಿಂದಿನ ಕೇಸುಗಳಿಗೂ ಅನ್ವಯವೆಂದು ಸುಪ್ರೀಂ ಕೋರ್ಟ್ ಅದೇ ಆಗಸ್ಟಿನಲ್ಲಿ ಹೇಳಿದೆ.

ಜಾಮೀನು ಸಿಕ್ಕರೂ ಹೊರಬರಲಾಗದವರ ಹೆಂಡತಿಯರು ನಮ್ಮಲ್ಲಿ ಹೆಚ್ಚು. ಮುಂಬೈಯಲ್ಲಿ ಜಾಮೀನುದಾರ ಸಿಗುವುದಿಲ್ಲ, ಊರಿನಿಂದ ಬರುವವರಿಗೆ ಇಲ್ಲಿನ ಕಾಗದ ಇಲ್ಲ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇವರಿಗೆ ಗೊತ್ತಿರಬೇಕು: ಆದೇಶದ ಪ್ರತಿ ಅದೇ ದಿನ ಅಥವಾ ಮರುದಿನ ಇಮೇಲಿನಲ್ಲಿ ಜೈಲಿಗೆ ಹೋಗಬೇಕು. ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಮುಚ್ಚಳಿಕೆ (ಜಾಮೀನು ಬಾಂಡ್) ಒದಗಿಸಲಾಗದಿದ್ದರೆ ಕೋರ್ಟು ತಾನಾಗಿ ಷರತ್ತು ಸಡಿಲಿಸುವುದನ್ನು ಪರಿಗಣಿಸಬಹುದು. ಸ್ಥಳೀಯ ಜಾಮೀನುದಾರರೇ ಬೇಕೆಂಬ ಷರತ್ತು ಹಾಕದಿರುವಂತೆಯೂ ಸೂಚಿಸಿದೆ. ಬಡ ಕೈದಿಗಳಿಗಾಗಿ ಕೇಂದ್ರ 2023ರಲ್ಲಿ ತಂದ ಯೋಜನೆಯಲ್ಲಿ ಜಾಮೀನಿಗೂ ದಂಡಕ್ಕೂ ಒಂದು ಮಿತಿಯವರೆಗೆ ಹಣದ ನೆರವಿದೆ. ಮಾದಕವಸ್ತು, ಹಣ ಅಕ್ರಮ ವರ್ಗಾವಣೆಯಂಥ ಕೆಲವು ಕಾನೂನಿನ ಕೇಸುಗಳಿಗೆ ಅದು ಇಲ್ಲ.

ಮಕ್ಕಳ ಪಾಲನೆಗೆ ನೆರವಾಗುವ ಮಹಾರಾಷ್ಟ್ರದ ಬಾಲಸಂಗೋಪನ ಯೋಜನೆ ಇದೆ, ಜಿಲ್ಲಾ ಮಹಿಳಾ ಮತ್ತು ಬಾಲವಿಕಾಸ ಕಚೇರಿಯಲ್ಲಿ ವಿಚಾರಿಸಬೇಕು. ಮುಂಬೈ ಸುತ್ತಮುತ್ತ ಕೈದಿಗಳ ಕುಟುಂಬಗಳ ಜೊತೆ ಕೆಲಸ ಮಾಡುವ ಪ್ರಯಾಸ್, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯದು.

ಹಂತ 7: ದುಡ್ಡು ಮತ್ತು ಮೋಸ

ಗುಂಪಿನಲ್ಲಿ ವಂತಿಗೆ ಎತ್ತಬೇಡಿ, ಸಾಲ ಕೊಡಬೇಡಿ, ಯಾರ ಯುಪಿಐ ಕ್ಯೂಆರ್ ಕೋಡನ್ನೂ ಹಾಕಲು ಬಿಡಬೇಡಿ. ಒಬ್ಬಳಿಗೆ ಕೊಟ್ಟು ಇನ್ನೊಬ್ಬಳಿಗೆ ಕೊಡಲಾಗದ ದಿನ ಬಂದೇ ಬರುತ್ತದೆ, ಆಮೇಲೆ ಗುಂಪಿನಲ್ಲಿ ಲೆಕ್ಕದ ಮಾತೊಂದೇ ಉಳಿಯುತ್ತದೆ.

ಮೋಸದ ಕರೆಗಳಿಗೆ ಒಂದು ಅಚ್ಚು ಇದೆ. ‘ಜೈಲಿನಿಂದ ಮಾತಾಡ್ತಿದ್ದೀನಿ, ನಿಮ್ಮವರಿಗೆ ಹುಷಾರಿಲ್ಲ, ಆಸ್ಪತ್ರೆಗೆ ಈಗಲೇ ದುಡ್ಡು ಹಾಕಿ’ ಅಥವಾ ‘ಇವತ್ತೇ ಕಟ್ಟಿದರೆ ನಾಳೆ ಜಾಮೀನು’. ಅವಸರ, ಗುಟ್ಟು, ಖಾಸಗಿ ನಂಬರಿಗೆ ದುಡ್ಡು, ಈ ಮೂರರಲ್ಲಿ ಒಂದು ಕಂಡರೂ ಫೋನ್ ಇಟ್ಟು ವಕೀಲರಿಗೆ ಕರೆ ಮಾಡಬೇಕು. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930. ಗುಂಪಿನೊಳಗೆ ಗಿರಾಕಿ ಹುಡುಕುವ ವಕೀಲರನ್ನೂ ಹೊರಗಿಡಿ, ಹಾಗೆ ಕೆಲಸ ಕೇಳಿಕೊಂಡು ಬರುವುದನ್ನು ಬಾರ್ ಕೌನ್ಸಿಲ್ ನಿಯಮಗಳೇ ಒಪ್ಪುವುದಿಲ್ಲ.

ಹಂತ 8: ಕೂಡಲೇ ಎದ್ದು ನಿಲ್ಲಬೇಕಾದ ಸೂಚನೆಗಳು

ಸದಾ ಮಾತಾಡುವವಳು ಎರಡು ವಾರ ಮೌನವಾದರೆ, ‘ನಾನಿಲ್ಲದಿದ್ರೆ ಮಕ್ಕಳಿಗೆ ಒಳ್ಳೇದು’ ಎಂದರೆ, ಬಂಗಾರ, ಕಾಗದಪತ್ರಗಳನ್ನು ತಂಗಿಗೆ ಒಪ್ಪಿಸುತ್ತಿದ್ದರೆ ಗುಂಪಿನಲ್ಲಿ ಉತ್ತರಿಸಬೇಡಿ, ಕರೆ ಮಾಡಿ. ‘ಸಾಯುವ ಯೋಚನೆ ಬರ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಜಾಗ ಸಿಗುತ್ತದೆ. ಹೌದೆಂದರೆ ಕರೆ ಕಡಿಯಬೇಡಿ. ಎರಡನೇ ಅಡ್ಮಿನ್ ನೋಟ್‌ಬುಕ್ಕಿನಲ್ಲಿರುವ ನಂಬಿಕಸ್ಥರಿಗೆ ಫೋನ್ ಮಾಡಲಿ, ಅಪಾಯ ಈಗಲೇ ಇದ್ದರೆ ತುರ್ತು ಸಹಾಯದ 112. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಅತ್ತೆಮನೆಯಲ್ಲಿ ಹೊಡೆತ, ಮನೆಯಿಂದ ಹೊರಹಾಕುವ ಬೆದರಿಕೆ ಇದ್ದರೆ ಮಹಿಳಾ ಸಹಾಯವಾಣಿ 181. ಮಗು ಶಾಲೆ ಬಿಟ್ಟು ಕೆಲಸಕ್ಕೆ ಹೋಗತೊಡಗಿದರೆ ಮಕ್ಕಳ ಸಹಾಯವಾಣಿ 1098. ಈ ನಂಬರುಗಳಿಗೆ ಅವಳ ಪರವಾಗಿ ಕರೆ ಮಾಡುವ ಮೊದಲು ಅವಳನ್ನು ಕೇಳಿ, ಜೀವಕ್ಕೆ ಅಪಾಯವಿದ್ದಾಗ ಮಾತ್ರ ಕೇಳದೆ ಮಾಡಬಹುದು.

ನಡೆಸುವವರಲ್ಲೂ ಸೂಚನೆಗಳಿವೆ: ಫೋನ್ ಸದ್ದಾದರೆ ಎದೆ ಬಡಿದುಕೊಳ್ಳುವುದು, ಎಲ್ಲರ ಮೇಲೂ ಸಿಡಿಮಿಡಿ. ಆಗ ಫೋನನ್ನು ಇನ್ನೊಬ್ಬರಿಗೆ ಕೊಟ್ಟು ಎರಡು ವಾರ ದೂರವಿರಿ.

ಹಂತ 9: ಅವನು ಮನೆಗೆ ಬಂದ ಮೇಲೆ

ಬಿಡುಗಡೆಯ ದಿನ ಗುಂಪಿನಲ್ಲಿ ಹೂವಿನ ಸ್ಟಿಕರುಗಳ ಮಳೆ ಸುರಿಸಬೇಡಿ. ಅದೇ ದಿನ ಜಾಮೀನು ತಿರಸ್ಕಾರವಾದವಳು ಅಲ್ಲೇ ಇದ್ದಾಳೆ. ಬಿಡುಗಡೆಯಾದವನ ಹೆಂಡತಿ ಬಯಸಿದರೆ ವಾರದ ಕರೆಯಲ್ಲಿ ಇನ್ನು ಮೂರು ತಿಂಗಳು ಉಳಿಯಲಿ, ಏಕೆಂದರೆ ಕಷ್ಟದ ಇನ್ನೊಂದು ಭಾಗ ಆಗ ಶುರುವಾಗುತ್ತದೆ. ಇವಳೊಬ್ಬಳೇ ನಡೆಸಿದ ಮನೆಗೆ ಅವನು ಮತ್ತೆ ಯಜಮಾನನಾಗಿ ಬರುತ್ತಾನೆ, ಮಗು ಅವನ ಹತ್ತಿರ ಹೋಗದು, ಅವನಿಗೆ ಕೆಲಸ ಸಿಗದು. ಪರೋಲ್ ಅಥವಾ ಫರ್ಲೋ (ಜೈಲಿನಿಂದ ಕೆಲವು ದಿನಗಳ ರಜೆ) ಮೇಲೆ ಬಂದು ಮರಳಿ ಹೋಗುವ ಶಿಕ್ಷಾಬಂಧಿಯ ಮನೆಯಲ್ಲಿ ವಾಪಸಾತಿಯ ಹಿಂದಿನ ರಾತ್ರಿಗೆ ಕರೆಯೊಂದು ಗೊತ್ತಿರಲಿ.

ಅವನು ಮನೆಯಲ್ಲಿರುವಾಗ ಫೋನ್ ಅವನ ಕೈಗೂ ಬರುತ್ತದೆ. ಆದ್ದರಿಂದ ಬಿಡುಗಡೆಯ ದಿನವೇ ಅವಳನ್ನು ಗುಂಪಿನಿಂದ ತೆಗೆದು, ಬೇರೆಯವರ ನಂಬರುಗಳನ್ನೂ ಚಾಟನ್ನೂ ಅಳಿಸಲು ಹೇಳಿ. ಉಳಿಯಬೇಕೆಂದಿದ್ದರೆ ವಾರದ ಕರೆಗೆ ಮಾತ್ರ ಅವಳು ಹೇಳಿದ ಹೊತ್ತಿಗೆ ಸೇರಿಸಿಕೊಳ್ಳಿ. ಅವಳು ಪೂರ್ತಿ ಹೊರಟ ಮೇಲೆ ನೋಟ್‌ಬುಕ್ಕಿನ ಅವಳ ಪುಟವನ್ನು ಹರಿದು ಸುಟ್ಟುಹಾಕಿ, ಹಾಗೆ ಮಾಡಿದ್ದೀರೆಂದು ಅವಳಿಗೆ ತಿಳಿಸಿ.